ಆ ‘ಇತರೆ’ ಕಟ್ಟನ್ನು ನಮಗೆ ಕೊಡಿ: ಮಂಡ್ಯ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ನಿಮ್ಮ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ನಮ್ಮ ಸೀಮೆಯಲ್ಲಿ ಮೂರು ದಿನ ದಾಟಿದ ನೆಂಟನಿಗೆ ನಾಲ್ಕನೇ ದಿನ ಮಚ್ಚು ಕೊಟ್ಟು ಹುಲ್ಲು ಕೊಯ್ಯಲು ಕಳಿಸುತ್ತಾರೆ. ಆ ಲೆಕ್ಕದಲ್ಲಿ ನಾನು ಯಾವತ್ತೋ ಮನೆಯವಳಾಗಬೇಕಿತ್ತು. ಹೋಗಲಿ ಬಿಡಿ, ಈ ಕಾಗದ ಅದಕ್ಕಲ್ಲ. ನಿಮ್ಮಿಂದ ಒಂದು ವಸ್ತು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಅದಕ್ಕೆ ದುಡ್ಡಿನ ಖರ್ಚಿಲ್ಲ, ಅದು ನಿಮಗೆ ಬೇಕಾಗಿರುವಂಥದ್ದೂ ಅಲ್ಲ. ಏನೆಂದು ಹೇಳುವ ಮೊದಲು ಅದನ್ನು ನಾನು ಎಲ್ಲಿ ಕಂಡೆ ಅಂತ ಹೇಳಬೇಕು.

ಹೋದ ವರ್ಷ ಮಳೆಗಾಲದಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ಜನಸ್ಪಂದನ ಸಭೆ ಇತ್ತು. ಅಂತಿಮ ವರ್ಷದ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ಬಂದವರಿಗೆ ಅರ್ಜಿ ಬರೆದುಕೊಡಲಿ ಅಂತ. ಹೊಂಗೆಮರದ ಕೆಳಗೆ ಅರ್ಜಿ ಬರೆಯುವ ಯಜಮಾನರೊಬ್ಬರು ಕೂತಿದ್ದರು, ಅವರ ಮುಂದೆ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು. ನಮ್ಮ ಮಕ್ಕಳು ಬಿಟ್ಟಿ ಬರೆದುಕೊಡುತ್ತಾರೆ ಅಂತ ಗೊತ್ತಾದದ್ದೇ ತಡ, ಅರ್ಧ ಸಾಲು ಈ ಕಡೆಗೆ ವಾಲಿತು. ಯಜಮಾನರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದರು. ಅವರ ಒಂದು ದಿನದ ಸಂಪಾದನೆಗೆ ನಾನು ಕಲ್ಲು ಹಾಕಿದ್ದೆ. ಸಮಾಜಸೇವೆ ಮಾಡಲು ಹೊರಟವರಿಗೆ ಮೊದಲ ಏಟು ಹೀಗೇ ಬೀಳುತ್ತದೆ.

ಎಲ್ಲರ ಕೈಯಲ್ಲೂ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಒಳಗೆ ಪಹಣಿ, ಆಧಾರ್ ಜೆರಾಕ್ಸು, ರೇಷನ್ ಕಾರ್ಡು, ಎರಡು ಪಾಸ್‌ಪೋರ್ಟ್ ಫೋಟೊ, ಹಿಂದಿನ ಅರ್ಜಿಯ ಹಿಂಬರಹ. ಪೌತಿ ಖಾತೆ, ಪೋಡಿ, ವೃದ್ಧಾಪ್ಯ ವೇತನ, ಹೊಲಕ್ಕೆ ದಾರಿ ಬಿಡಿಸಿಕೊಡಿ, ಕರೆಂಟಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗಿದೆ. ಇವಕ್ಕೆಲ್ಲ ಒಂದೊಂದು ಮೇಜು, ಮೇಜಿನ ಮೇಲೆ ಇಲಾಖೆಯ ಹೆಸರಿನ ಫಲಕ. ಮಕ್ಕಳು ಬೇಗ ಕೈಹಿಡಿದರು. ಹನ್ನೊಂದು ಗಂಟೆ ಹೊತ್ತಿಗೆ ಅವರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಶುರುವಾಗಿತ್ತು.

ಆಗ ಬಂದಾಕೆಗೆ ಐವತ್ತೈದರ ಆಸುಪಾಸು. ಟೋಕನ್ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ನನ್ನ ವಿದ್ಯಾರ್ಥಿನಿಯ ಮುಂದೆ ಕುಕ್ಕರಗಾಲಲ್ಲಿ ಕೂತು, “ಬರಕೊ ಮಗ” ಅಂದಳು. “ನನ್ ಮಗುಂಗೆ ಮೂವತ್ನಾಕು. ಕುಡಿಯಾಕಿಲ್ಲ, ಇಸ್ಪೀಟ್ ಆಡಾಕಿಲ್ಲ. ನಾಲೆ ಕೆಳ್ಗೆ ಎರಡೆಕ್ರೆ ಗದ್ದೆ ಐತೆ. ಏಳ್ ವರ್ಸದಿಂದ ಹೆಣ್ ನೋಡ್ತಾವ್ನಿ. ಯಾರೂ ಕೊಡಾಕಿಲ್ಲ ಅಂತಾವ್ರೆ. ಸರ್ಕಾರ್ದೋರು ಏನಾರ ಮಾಡ್ಬೇಕು.”

ಹುಡುಗಿ ಪೆನ್ನು ಎತ್ತಿದವಳು ನನ್ನ ಮುಖ ನೋಡಿದಳು. ಪಕ್ಕದ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ನಾನೇ ಕೇಳಿದೆ: “ಹೆಣ್ಣು ಮಕ್ಕಳಿಲ್ವಾ ನಿಮ್ಗೆ?”

“ಒಬ್ಳವ್ಳೆ ಕನವ್ವ. ಬೆಂಗ್ಳೂರ್ಗೆ ಕೊಟ್ಟಿವ್ನಿ. ಅಳೀಮಯ್ಯ ಕಂಪ್ನೀಲವ್ನೆ.”

“ಇಲ್ಲೇ ಯಾರಾದ್ರೂ ಬೇಸಾಯಗಾರರ ಮನೆಗೆ ಕೊಡಬಹುದಿತ್ತಲ್ಲ?”

ಆಕೆ ನನ್ನನ್ನು ತಲೆಸರಿಯಿಲ್ಲದವಳನ್ನು ನೋಡುವ ಹಾಗೆ ನೋಡಿದಳು. “ಅಯ್, ನಾನ್ ಪಟ್ಟಿರೋ ಪಾಡು ಸಾಲ್ದಾ?”

ಅರ್ಜಿ ಬರೆದೆವು. ಮೇಜಿಂದ ಮೇಜಿಗೆ ಹೋಯಿತು. ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಕೃಷಿಯ ಕಡೆ ತೋರಿಸಿದರು, ಕೃಷಿಯವರು ನಕ್ಕು ಕಂದಾಯದ ಕಡೆ. ಕೊನೆಗೆ ಸಿಬ್ಬಂದಿಯೊಬ್ಬರು, ಪಾಪ ಒಳ್ಳೆಯ ಮನುಷ್ಯ, ಆಕೆಯನ್ನು ಕೂರಿಸಿ ನೀರು ಕೊಟ್ಟು, ಅರ್ಜಿಗೆ ನಂಬರ್ ಹಾಕಿ, ಮೇಜಿನ ಮೂಲೆಯಲ್ಲಿದ್ದ ಒಂದು ಕಟ್ಟಿನ ಮೇಲಿಟ್ಟರು. ಕಟ್ಟಿನ ಮೇಲಿನ ಚೀಟಿಯಲ್ಲಿ ‘ಇತರೆ’ ಎಂದಿತ್ತು.

ಮಾನ್ಯರೇ, ನಾನು ಕೇಳುತ್ತಿರುವುದು ಆ ‘ಇತರೆ’ ಕಟ್ಟನ್ನು.

ಆ ತಾಯಿಯ ಎರಡು ಮಾತನ್ನು ಅಕ್ಕಪಕ್ಕ ಇಟ್ಟು ನೋಡಿ. ಮಗನಿಗೆ ಹೆಣ್ಣು ಕೊಡದವರ ಮೇಲೆ ಆಕೆಗೆ ಸಿಟ್ಟಿದೆ. ಮಗಳ ಸರದಿ ಬಂದಾಗ ತಾನೂ ಅದನ್ನೇ ಮಾಡಿದ್ದಾಳೆ. ಆಕೆ ಸುಳ್ಳುಗಾರ್ತಿಯಲ್ಲ, ಕಪಟಿಯೂ ಅಲ್ಲ. ತಾಯಿಯಾಗಿ ಎರಡು ಕಡೆಯೂ ಆಕೆ ಮಾಡಿದ್ದು ಸರಿಯೇ. ಹೀಗೆ ಮನೆಮನೆಯಲ್ಲಿ ಸರಿಯಾದದ್ದನ್ನೇ ಮಾಡುತ್ತ ಹೋಗಿ ಊರಿಗೆ ಊರೇ ಕಟ್ಟಿಹಾಕಿಕೊಂಡಿದೆ. ಒಬ್ಬ ಹುಡುಗನಿಗೆ ಹೆಣ್ಣು ಸಿಗದಿದ್ದರೆ ಅವನ ಗುಣ, ಜಾತಕ, ಬಣ್ಣ ಅಂತ ಕಾರಣ ಹುಡುಕಬಹುದು. ಒಂದು ಬೀದಿಯ ಹತ್ತು ಹುಡುಗರಿಗೆ ಸಿಗದಿದ್ದರೆ ಜಾತಕ ಮುಚ್ಚಿಟ್ಟು ಬೀದಿಯನ್ನೇ ಓದಬೇಕಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಈ ಮಾತನ್ನು ನಿರುದ್ಯೋಗದ ಉದಾಹರಣೆ ಕೊಟ್ಟು ಹೇಳಿದ್ದ: ಒಂದು ಲಕ್ಷ ಜನರ ಪಟ್ಟಣದಲ್ಲಿ ಒಬ್ಬನಿಗೆ ಕೆಲಸವಿಲ್ಲ ಎಂದರೆ ಅದು ಅವನ ಸಂಕಟ, ಐದು ಕೋಟಿ ದುಡಿಯುವವರಲ್ಲಿ ಒಂದೂವರೆ ಕೋಟಿ ಜನಕ್ಕೆ ಇಲ್ಲ ಎಂದರೆ ಆ ದೇಶದ ವ್ಯವಸ್ಥೆಯಲ್ಲೇ ಏನೋ ಮುರಿದಿದೆ. ನನ್ನ ಮಕ್ಕಳು ಇದನ್ನು ಐದು ಅಂಕದ ಪ್ರಶ್ನೆಗೆ ಉರು ಹೊಡೆದಿದ್ದರು. ಅದರ ಅರ್ಥ ಅವರಿಗೆ ಗೊತ್ತಾದದ್ದು ಆ ಹೊಂಗೆಮರದ ಕೆಳಗೆ.

2023ನೇ ಇಸವಿಯನ್ನು ನೆನಪಿಸಿಕೊಳ್ಳಿ. ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಮದುವೆಯಾಗದ ಹುಡುಗರು ಮದ್ದೂರು ತಾಲ್ಲೂಕಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು, ಹೆಣ್ಣು ಕರುಣಿಸಪ್ಪ ಮಾದಪ್ಪ ಅಂತ. ಟೀವಿಯವರಿಗೆ ಹಬ್ಬ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಅಂತ ದೇಶಕ್ಕೆಲ್ಲ ಸುದ್ದಿಯಾಯಿತು, ಜನ ನಕ್ಕರು. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಸುದ್ದಿ: ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಬಸುರಿಯರ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಅಂತ ನೋಡಿ ಹೇಳುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿಬಿತ್ತು. ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಸ್ಕ್ಯಾನಿಂಗ್ ಯಂತ್ರ. ಈ ಸುದ್ದಿಗೆ ಯಾರೂ ನಗಲಿಲ್ಲ. ಮೊದಲ ಸುದ್ದಿ ವಿಚಿತ್ರ ಸಮಾಚಾರದ ಪುಟದಲ್ಲಿ, ಎರಡನೆಯದು ಅಪರಾಧದ ಪುಟದಲ್ಲಿ ಬಂತು. ಒಂದು ದೇವರ ಪಾಲಾಯಿತು, ಇನ್ನೊಂದು ಪೊಲೀಸರ ಪಾಲಾಯಿತು. ಎರಡನ್ನೂ ಒಂದೇ ಸುದ್ದಿ ಅಂತ ಓದಿದವರು ಎಷ್ಟು ಜನ? ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ ಆದದ್ದು 1994ರಲ್ಲಿ. ಆ ಪಾದಯಾತ್ರೆಯಲ್ಲಿ ನಡೆದ ಹುಡುಗರು ಹೆಚ್ಚುಕಡಿಮೆ ಆ ಆಸುಪಾಸಿನಲ್ಲೇ ಹುಟ್ಟಿದವರು. ಆ ಆಲೆಮನೆಯ ಲೆಕ್ಕ ಚುಕ್ತಾ ಆಗುವುದು ಇನ್ನು ಇಪ್ಪತ್ತೈದು ಮೂವತ್ತು ವರ್ಷಕ್ಕೆ, ಆಗ ಇನ್ನೊಂದು ಪಾದಯಾತ್ರೆ ಹೊರಟಿರುತ್ತದೆ.

ಆದರೆ ಹುಟ್ಟಿದ ಹೆಣ್ಣುಗಳ ಎಣಿಕೆಯೊಂದರಿಂದಲೇ ಇದೆಲ್ಲ ಆಗಿದೆ ಅಂದರೆ ಅದು ಸೋಮಾರಿತನದ ವಿವರಣೆ. ಸಭೆಯಿಂದ ಬಂದ ಮಾರನೇ ದಿನ ನಮ್ಮ ಕ್ಲಾಸಿನ ಹೆಣ್ಣುಮಕ್ಕಳನ್ನೇ ಕೇಳಿದೆ: ನೀವು ಯಾಕೆ ಬೇಸಾಯಗಾರನನ್ನು ಒಲ್ಲೆ ಅನ್ನುತ್ತೀರಿ? ದುಡ್ಡು ಅಂತಾರೆ, ಸಿಟಿ ಆಸೆ ಅಂತಾರೆ ಅಂದುಕೊಂಡಿದ್ದೆ. ಒಬ್ಬಳು ಎದ್ದು ನಿಂತು ಹೇಳಿದ್ದು ಒಂದೇ ಪದ: “ಹಸು.”

ಎಲ್ಲರೂ ನಕ್ಕರು, ಆಕೆ ನಗಲಿಲ್ಲ. “ಹಸುಗೆ ಭಾನುವಾರ ಇಲ್ಲ ಮೇಡಂ. ಬೆಳಗ್ಗೆ ಐದಕ್ಕೆ ಸಗಣಿ ಬಾಚಬೇಕು, ಹಾಲು ಕರೀಬೇಕು, ಡೇರಿಗೆ ಹಾಕಬೇಕು. ಸಾಯಂಕಾಲ ಮತ್ತೆ. ತವರಲ್ಲಿ ಯಾರಾದ್ರೂ ಸತ್ರೂ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರಬೇಕು. ಹಾಲಿನ ಬಿಲ್ಲು ಬರೋದು ಮಾವನ ಖಾತೆಗೆ.” ಅಲ್ಲಿಗೆ ಬಾಗಿಲು ತೆರೆದಂತಾಯಿತು. ಇನ್ನೊಬ್ಬಳು ಪಹಣಿಯ ಮಾತೆತ್ತಿದಳು: ಜನ್ಮವಿಡೀ ಗದ್ದೆಯಲ್ಲಿ ನಾಟಿ ಹಾಕಿದರೂ ಅಮ್ಮನ ಹೆಸರು ಪಹಣಿಯಲ್ಲಿಲ್ಲ, ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅಪ್ಪ ರೈತ, ಅಮ್ಮ ‘ಮನೆಕೆಲಸ’. ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕನಿರುವ ಹುಡುಗಿ ಹೇಳಿದ್ದು: “ಅಲ್ಲಿ ಬೈತಾರೆ ಮೇಡಂ, ಆದ್ರೆ ತಿಂಗಳಿಗೊಮ್ಮೆ ಸಂಬಳ ಅವಳ ಹೆಸರಿಗೇ ಬೀಳತ್ತೆ.”

ಚುನಾವಣೆ ಹೊತ್ತಿನಲ್ಲಿ ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ಕೇಳಿಬಂದದ್ದು ನಿಮಗೆ ನೆನಪಿರಬಹುದು. ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಮದುವೆ ಆಗುತ್ತದೆ. ಮಾರನೇ ದಿನ ಬೆಳಗ್ಗೆ ಐದು ಗಂಟೆಗೆ ಹಸು ಅಂಬಾ ಅನ್ನುತ್ತದೆ. ಆ ತಾಯಿಯ ಅರ್ಜಿ ಕೇಳುತ್ತಿರುವುದು ಹೆಣ್ಣನ್ನು. ಆಕೆಯ ಬಾಯಿ ಹೇಳಿದ್ದು ‘ನಾನ್ ಪಟ್ಟಿರೋ ಪಾಡು’ ಎಂಬುದನ್ನು. ಕಡತಕ್ಕೆ ಹೋದದ್ದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ಒಂದು ಇಲಾಖೆ ಇದ್ದಿದ್ದರೆ ಅದು ಡೇರಿ, ಕಂದಾಯ, ಸಾರಿಗೆ, ಶಿಕ್ಷಣ ಎಲ್ಲವನ್ನೂ ಮುಟ್ಟಬೇಕಿತ್ತು. ಅಂಥ ಇಲಾಖೆ ಇಲ್ಲ. ಅಂಥ ವಿಷಯ ಒಂದಿದೆ, ನಮ್ಮ ಕಾಲೇಜಿನ ಟೈಮ್‌ಟೇಬಲ್‌ನಲ್ಲಿ ಮಧ್ಯಾಹ್ನದ ಊಟ ಆದಮೇಲಿನ ನಿದ್ದೆಯ ಪೀರಿಯಡ್ಡು ಅದರದು.

ವಿಚಿತ್ರ ಏನೆಂದರೆ, ಇಂಥದ್ದನ್ನು ಓದುವುದು ಹೇಗೆ ಅಂತ ಲೋಕಕ್ಕೆ ತೋರಿಸಿಕೊಟ್ಟದ್ದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಲ್ಲಿ ಮಂಡ್ಯಕ್ಕೆ ಬಂದು ಎರಡು ಹಳ್ಳಿಗಳಲ್ಲಿ ಉಳಿದರು. ಊರುಗಳ ನಿಜನಾಮ ಮುಚ್ಚಿ ಒಂದಕ್ಕೆ ವಂಗಲ, ಇನ್ನೊಂದಕ್ಕೆ ದಲೇನ ಅಂತ ಹೆಸರಿಟ್ಟರು. ಕನ್ನಂಬಾಡಿಯ ನೀರು ವಂಗಲದ ಗದ್ದೆಗೆ ಹರಿಯಿತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆಕೆ ಕಂಡದ್ದು ಅದರ ತಿರುವುಮುರುವು. ವಂಗಲದಲ್ಲಿ ಕಬ್ಬು ಭತ್ತ ಬಂದು ದುಡ್ಡಾಯಿತು, ಆದರೆ ಜನ ಗದ್ದೆಗೇ ಅಂಟಿಕೊಂಡರು. ಒಕ್ಕಲಿಗರ ಮನೆಗೂ ದಲಿತರ ಮನೆಗೂ ತಲೆಮಾರಿನಿಂದ ಬಂದ ಜೀತಗಾರಿಕೆಯ ನಂಟು ಹಾಗೇ ಮುಂದುವರಿಯಿತು. ನೀರು ಸಿಗದ ದಲೇನದವರು ಬೇರೆ ದಾರಿಯಿಲ್ಲದೆ ಮಂಡ್ಯ ಪೇಟೆಯ ಕಡೆ ನಡೆದರು, ಕೆಲಸ ಹಿಡಿದರು, ವ್ಯಾಪಾರಕ್ಕಿಳಿದರು. ಹಳೆಯ ಯಜಮಾನಿಕೆ, ಜಾತಿಯ ಬಿಗಿ ಅಲ್ಲೇ ಮೊದಲು ಸಡಿಲವಾಯಿತು. 1930ರ ದಶಕದ ಶುರುವಿನಲ್ಲಿ ಮುಗಿದ ಒಂದು ಅಣೆಕಟ್ಟೆ ಸುಮಾರು ಎರಡು ದಶಕಗಳಲ್ಲಿ ನೆರೆಹೊರೆಯ ಎರಡು ಊರುಗಳ ಬದುಕನ್ನು ಎರಡು ದಿಕ್ಕಿಗೆ ತಿರುಗಿಸಿತ್ತು. ಇದು ಯಾವ ರೈತನ ಒಳ್ಳೆತನದಿಂದಲೂ ಅಲ್ಲ, ಕೆಟ್ಟತನದಿಂದಲೂ ಅಲ್ಲ. ನಾಲೆಯ ಎತ್ತರ.

ಎಪ್‌ಸ್ಟೀನ್ 1970ರಲ್ಲಿ ಮತ್ತೆ ಬಂದರು. ಆಗ ಅವರು ಬರೆದುಕೊಂಡ ಒಂದು ಸಂಗತಿ ನನಗೆ ಪಾಠದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮೊದಲ ಸಲ ಬಂದಾಗ ಇಲ್ಲಿನ ಬೇಸಾಯಗಾರ ಮನೆತನಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ತೆರ ಕೊಡುತ್ತಿದ್ದರು. ಎರಡನೇ ಸಲ ಬರುವಷ್ಟರಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಅದು ಉಲ್ಟಾ ಹೊಡೆದು ವರದಕ್ಷಿಣೆ ಕಾಲಿಟ್ಟಿತ್ತು. ವರದಕ್ಷಿಣೆ ಅಂದರೆ ‘ನಮ್ಮ ಹಿರೀಕರ ಕಾಲದಿಂದ ಬಂದದ್ದು’ ಅಂತ ನಮ್ಮ ಮಕ್ಕಳು ಬರೆಯುತ್ತಾರೆ. ಹಿರೀಕರನ್ನೇ ಹೋಗಿ ಕೇಳಿಕೊಂಡು ಬನ್ನಿ ಅಂತ ಕಳಿಸುತ್ತೇನೆ. ಅಜ್ಜಿ ‘ನನ್ಗೆ ತೆರ ಕೊಟ್ಟು ತಂದ್ರು ಕನ’ ಅಂದದ್ದನ್ನು ಕೇಳಿ ಬಂದ ಮಗುವಿನ ಮುಖ ನೋಡಬೇಕು ನೀವು. ಅಷ್ಟು ಹೊತ್ತು ಬೆಟ್ಟದ ಹಾಗೆ ಅಲ್ಲಾಡದೆ ನಿಂತಿದ್ದ ‘ಸಂಪ್ರದಾಯ’ಕ್ಕೆ ಅಜ್ಜಿಯಷ್ಟೂ ವಯಸ್ಸಾಗಿಲ್ಲ. ಈಗ ಆ ತಕ್ಕಡಿ ಇನ್ನೊಮ್ಮೆ ತಿರುಗುತ್ತಿದೆ: ಹೆಣ್ಣಿನ ಕಡೆಯವರನ್ನು ಬೇಡಿಕೊಂಡು, ಬ್ರೋಕರಿಗೆ ದುಡ್ಡು ಸುರಿದು, ಮದುವೆಯ ಖರ್ಚು ಪೂರಾ ನಮ್ಮದೇ ಅನ್ನುವ ಗಂಡಿನ ಮನೆಗಳು ನಮ್ಮ ಸುತ್ತಲೇ ಇವೆ. ಬರೆದಿಡುವವರು ಯಾರೂ ಬಂದಿಲ್ಲ.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ವಿಷಯ ನಿಮಗೆ ಹೇಳಬೇಕಾಗಿಲ್ಲ. ಐಎಎಸ್ ಪರೀಕ್ಷೆಗೆ ನೀವು ಸಮಾಜಶಾಸ್ತ್ರವನ್ನೇ ಐಚ್ಛಿಕವಾಗಿ ತೆಗೆದುಕೊಂಡಿದ್ದಿರೋ ಏನೋ, ತೆಗೆದುಕೊಂಡಿದ್ದರೆ ನನಗಿಂತ ಚೆನ್ನಾಗಿ ಬಲ್ಲಿರಿ. ಮಹಾರಾಜ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡ್‌ವರೆಗೆ ಹೋಗಿ, 1948ರಲ್ಲಿ ನಮ್ಮ ಸೀಮೆಯದೇ ಒಂದು ಹಳ್ಳಿಗೆ ಬಂದು ಕೂತರು. ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಇವತ್ತು ಚುನಾವಣೆ ರಾತ್ರಿ ಟೀವಿಯಲ್ಲಿ ‘ವೋಟ್ ಬ್ಯಾಂಕ್’, ‘ಪ್ರಬಲ ಕೋಮು’ ಅಂತ ಕೂಗಾಡುವವರಿಗೆ ಆ ಮಾತುಗಳು ಈ ರಾಗಿ ಭತ್ತದ ಊರಿನಿಂದ ಎದ್ದು ಹೋದವು ಅಂತ ಗೊತ್ತಿರುವುದಿಲ್ಲ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರು ವಿಂಗಡಿಸಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಸುಟ್ಟ ಮೇಲೆ ನೆನಪಿನಿಂದಲೇ ಊರನ್ನು ಬರೆದರು. ಹೇಗೆ ಸಾಧ್ಯವಾಯಿತು? ಜಗಲಿಯ ಮೇಲೆ ಕೂತು ಯಾರು ಯಾರಿಗೆ ಎಲೆ ಅಡಿಕೆ ಕೊಡುತ್ತಾರೆ, ಯಾರು ನಿಂತೇ ಮಾತಾಡುತ್ತಾರೆ, ಯಾರು ಬಂದಾಗ ಯಾರು ಏಳುತ್ತಾರೆ ಅನ್ನುವುದನ್ನು ಆ ಮನುಷ್ಯ ಕಣ್ಣಿನಲ್ಲಿ ಇಳಿಸಿಕೊಂಡಿದ್ದರು. ನಮ್ಮ ಮಕ್ಕಳು ಇವೆಲ್ಲವನ್ನೂ ದಿನಾ ನೋಡುತ್ತಾರೆ. ನೋಡಿದ್ದಕ್ಕೆ ಅಂಕ ಸಿಗುವುದಿಲ್ಲ ಅಂತ ಬಿಟ್ಟಿದ್ದಾರೆ.

ಸಮಾಜಶಾಸ್ತ್ರ ಬರೀ ಹಳ್ಳಿಯ ವಿಷಯ ಅಂತ ಅಂದುಕೊಳ್ಳುವುದು ಬೇಡ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ 87ನೇ ಸಾಹಿತ್ಯ ಸಮ್ಮೇಳನದ ಬಾಡೂಟದ ಗಲಾಟೆ ನೋಡಿ. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಕಿಡಿಯಾಯಿತು. ಮಂಡ್ಯದಲ್ಲಿ, ಮಾರಿಹಬ್ಬಕ್ಕೆ ನೆಂಟರಿಷ್ಟರಿಗೆಲ್ಲ ಬಾಡು ಬಡಿಸದಿದ್ದರೆ ಮುಖ ಎತ್ತಿ ನಡೆಯಲಾಗದ ಜಿಲ್ಲೆಯಲ್ಲಿ! ಸಾರ್ವಜನಿಕ ಸಮಾರಂಭ ಅಂದರೆ ಕೋಸಂಬರಿ, ಪಾಯಸ ಅನ್ನುವುದು ನಮ್ಮ ತಲೆಯಲ್ಲಿ ಎಷ್ಟು ‘ಸಹಜ’ವಾಗಿ ಕೂತಿದೆ ಅಂದರೆ, ಆ ಸಾಲನ್ನು ಬರೆದವರಿಗೆ ಅದರಲ್ಲಿ ಯಾರನ್ನೋ ನೋಯಿಸುವುದೇನಾದರೂ ಇದೆ ಅಂತ ಹೊಳೆದಿರಲಿಕ್ಕಿಲ್ಲ. ಕೆಳಗಿನವರು ಮೇಲಿನವರ ಊಟ, ಉಡುಪು, ಆಚಾರಗಳನ್ನು ತಮ್ಮದಾಗಿಸಿಕೊಂಡು ಮೇಲೇರಲು ಹೊರಡುವುದಕ್ಕೆ ಶ್ರೀನಿವಾಸ್ 1952ರಲ್ಲೇ ಸಂಸ್ಕೃತೀಕರಣ ಅಂತ ಹೆಸರಿಟ್ಟಿದ್ದರು. 2024ರಲ್ಲಿ ಮಂಡ್ಯದ ಜನ ‘ನಾವು ಹಾಗೆ ಏರುವುದಿಲ್ಲ, ನಮ್ಮ ಎಲೆಯನ್ನೇ ಅಲ್ಲಿ ಹಾಸಿ’ ಅಂದರು. ಆ ವಾರ ನನ್ನ ಪಾಠವೇ ತಾನಾಗಿ ನಡೆಯಿತು.

ಒಂದು ವಿಷಯ ಮಾತ್ರ ಹಗುರಾಗಿ ಬರೆಯಲಾರೆ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳಕೊಂಡದ್ದು. ಪ್ರತಿ ಸಾವಿಗೂ ಒಂದು ಕಡತ. ಸಾಲ ಬ್ಯಾಂಕಿನದೋ ಕೈಸಾಲವೋ, ಪಹಣಿ ಯಾರ ಹೆಸರಲ್ಲಿದೆ, ಕುಡಿಯುತ್ತಿದ್ದನೇ, ಮನೆಯಲ್ಲಿ ಜಗಳವಿತ್ತೇ. ಪರಿಹಾರಕ್ಕೆ ಅರ್ಹ, ಅನರ್ಹ ಅಂತ ತೀರ್ಮಾನವಾಗಬೇಕಲ್ಲ, ಆ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ, ಅದನ್ನು ತಪ್ಪೆನ್ನಲಾರೆ. ಆದರೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದರ್ಖೈಮ್ 1897ರಲ್ಲೇ ಒಂದು ಮಾತನ್ನು ಅಂಕಿಗಳಿಟ್ಟು ತೋರಿಸಿದ್ದ: ಮನುಷ್ಯ ತೀರ ಒಂಟಿಯಾಗಿ ಮಾಡುವ ಈ ಕೆಲಸಕ್ಕೂ ಊರಿನ, ಕಾಲದ ಒಂದು ಏರಿಳಿತ ಇರುತ್ತದೆ, ಸತ್ತವನ ಜೇಬಿನಲ್ಲಿ ಮಾತ್ರ ಕಾರಣ ಹುಡುಕಿದರೆ ಆ ಏರಿಳಿತ ಕಾಣುವುದಿಲ್ಲ. ಕಡತಗಳಲ್ಲಿ ಕುಡಿತ, ಜಗಳ ಇದ್ದಿರಬಹುದು. ಕುಡಿತ, ಜಗಳ ಹಿಂದಿನ ವರ್ಷವೂ ಇದ್ದವು. ಆ ವರ್ಷ ಏನಾಯಿತು ಅನ್ನುವುದು ಒಂದೊಂದೇ ಕಡತದಲ್ಲಿ ಸಿಗುವುದಿಲ್ಲ, ಎಲ್ಲ ಕಡತಗಳನ್ನೂ ಕಾರ್ಖಾನೆಯ ಬಾಕಿಯ ಪಕ್ಕ, ಬೆಲೆಯ ಪಕ್ಕ, ಕೈಸಾಲದ ಬಡ್ಡಿಯ ಪಕ್ಕ ಇಟ್ಟು ಓದಿದರೆ ಸಿಗುತ್ತದೆ. ನನ್ನ ಹತ್ತಿರದ ಊರಿನ ಒಬ್ಬರ ಮನೆಗೆ ಆಗ ಹೋಗಿದ್ದೆ. ಆ ಮನೆಯ ಹೆಂಗಸು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, “ನಮ್ಮನೇಲೇ ಯಾಕ್ ಹಿಂಗಾಯ್ತು?” ಅಂತ. ಅವತ್ತು ನಾನು ಪಾಠ ಹೇಳಲಿಲ್ಲ. ಆಕೆಗೆ ಬೇಕಿದ್ದದ್ದು ಪಾಠವಲ್ಲ. ಆದರೆ ನಿಮ್ಮಂಥ ನೂರು ಮನೆಯಲ್ಲಿ ಹೀಗಾಗಿದೆ, ನಿನ್ನ ಗಂಡ ಹೇಡಿಯಲ್ಲ ಅಂತ ಯಾರಾದರೂ ಆಕೆಗೆ ಹೇಳಬೇಕಿತ್ತು.

‘ಸೋಶಿಯಾಲಜಿ ಓದಿದ್ರೆ ಏನ್ ಕೆಲ್ಸ ಸಿಕ್ತದೆ?’ ಅಂತ ಅಡ್ಮಿಶನ್ ಹೊತ್ತಿನಲ್ಲಿ ಅಪ್ಪಂದಿರು ಕೇಳುತ್ತಾರೆ. ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ. ಎದುರಿಗೆ ಕೂತಿರುವ ನನ್ನನ್ನೇ ನೋಡಿದರೆ ಅವರಿಗೆ ಉತ್ತರ ಗೊತ್ತಾಗುತ್ತದೆ. ಆದರೆ ಸಮೀಕ್ಷೆ ಬಂದರೆ ಮಾತ್ರ ಈ ವಿಷಯ ಎಲ್ಲರಿಗೂ ಬೇಕು. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಾಲಾ ಮೇಷ್ಟರುಗಳು ದಸರಾ ರಜೆ ಬಿಟ್ಟು ಮನೆಮನೆಗೆ ಹೋಗಿ 60 ಪ್ರಶ್ನೆ ಕೇಳಿದರು. ಬಾಗಿಲಿಗೆ ಅಂಟಿಸಿದ ಸ್ಟಿಕ್ಕರು ಇನ್ನೂ ಎಷ್ಟೋ ಮನೆಯಲ್ಲಿದೆ. ಎಣಿಸಬೇಕು, ಖಂಡಿತ ಎಣಿಸಬೇಕು. ಎಣಿಕೆಯ ಕಾಲಂನಲ್ಲಿ ‘ಮನೆಕೆಲಸ’ ಅಂತ ಬರೆಸಿದ ಹೆಂಗಸು ಬೆಳಗ್ಗೆ ಐದಕ್ಕೆ ಎದ್ದವಳು ಅನ್ನುವುದನ್ನು ಮಾತ್ರ ಆಕೆಯ ಜಗಲಿಯ ಮೇಲೆ ಇನ್ನೊಂದು ಗಳಿಗೆ ಕೂತವರೇ ತಿಳಿಯಬೇಕು.

ಅರ್ಜಿಗಳನ್ನು ಒಟ್ಟಿಗೆ ಓದುವುದು ಈ ನಾಡಿಗೆ ಹೊಸದೇನಲ್ಲ. 1917ರಲ್ಲಿ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ಮಾರನೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ನಿಯೋಗ ಹೋದರು. ಅಲ್ಲಿಯವರೆಗೆ ಕೆಲಸ ಸಿಗದ ಒಬ್ಬ ಒಕ್ಕಲಿಗ ಹುಡುಗನೋ, ಲಿಂಗಾಯತ ಹುಡುಗನೋ, ಮುಸ್ಲಿಂ ಹುಡುಗನೋ ‘ನಾನು ಚೆನ್ನಾಗಿ ಓದಲಿಲ್ಲ’ ಅಂತ ತಲೆ ತಗ್ಗಿಸಿ ಊರಿಗೆ ವಾಪಸಾಗುತ್ತಿದ್ದ. ಇವರು ಆ ತಗ್ಗಿದ ತಲೆಗಳನ್ನೆಲ್ಲ ಒಟ್ಟುಗೂಡಿಸಿ ಒಂದು ಪ್ರಶ್ನೆ ಮಾಡಿದರು: ಸರ್ಕಾರಿ ಹುದ್ದೆಗಳು ಒಂದೇ ಜಾತಿಯವರ ಕೈಯಲ್ಲಿ ಯಾಕಿವೆ? ಮಹಾರಾಜರು ಅರ್ಜಿದಾರರಿಗೆ ಒಂದೊಂದು ಕೆಲಸ ಕೊಟ್ಟು ಕಳಿಸಬಹುದಿತ್ತು. ಅದರ ಬದಲು ಆ ಪ್ರಶ್ನೆಯನ್ನೇ ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಹಿಡಿಸಲಿಲ್ಲ, ಹುದ್ದೆ ಬಿಟ್ಟರು. ಇಬ್ಬರೂ ನಮ್ಮ ಮಂಡ್ಯದಲ್ಲಿ ದೇವರಿದ್ದಂತೆ, ಇಬ್ಬರ ಫೋಟೊಗೂ ಹೂವು ಹಾಕುತ್ತೇವೆ. ಅವರ ನಡುವಿನ ಈ ಜಗಳದ ಬಗ್ಗೆ ಮಾತ್ರ ಹೂವು ಹಾಕುವ ದಿನ ಯಾರೂ ಭಾಷಣ ಮಾಡುವುದಿಲ್ಲ.

ಇನ್ನು ನನ್ನ ಕೋರಿಕೆಗೆ ಬರುತ್ತೇನೆ. ಪ್ರತಿ ಜನಸ್ಪಂದನ ಸಭೆಯಲ್ಲೂ ಯಾವ ಮೇಜಿಗೂ ಸಲ್ಲದ ಅರ್ಜಿಗಳು ಉಳಿಯುತ್ತವಲ್ಲ, ಅವುಗಳ ಪ್ರತಿಯನ್ನು ಜಿಲ್ಲೆಯ ಪದವಿ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗಗಳಿಗೆ ಕೊಡಿಸಿ. ಹೆಸರು, ಫೋನ್ ನಂಬರ್, ಸರ್ವೆ ನಂಬರ್, ಆಧಾರ್ ಎಲ್ಲ ಕಪ್ಪು ಮಸಿಯಿಂದ ಅಳಿಸಿಯೇ ಕೊಡಿ. ಊರಿನ ಹೆಸರನ್ನೂ ಅಳಿಸಿ ಹೋಬಳಿ ಮಾತ್ರ ಉಳಿಸಿದರೆ ಸಾಕು. ಎಪ್‌ಸ್ಟೀನ್, ಶ್ರೀನಿವಾಸ್ ಇಬ್ಬರೂ ಊರಿನ ಹೆಸರು ಮುಚ್ಚಿಟ್ಟೇ ಅಷ್ಟನ್ನು ಹೇಳಿದರು. ನಮ್ಮ ಮಕ್ಕಳು ಅವನ್ನು ಓದಿ ವಿಂಗಡಿಸುತ್ತಾರೆ. ಹೆದ್ದಾರಿಯಾಚೆ ಉಳಿದುಹೋದ ಗದ್ದೆಗೆ ದಾರಿ ಕೇಳಿದವರು, 2023ರ ಆಗಸ್ಟ್‌ನಿಂದ ಬೈಕು, ಟ್ರ್ಯಾಕ್ಟರುಗಳನ್ನು ಎಕ್ಸ್‌ಪ್ರೆಸ್‌ವೇಗೆ ಬಿಡದ ಮೇಲೆ ಸುತ್ತಿ ಬಳಸಿ ಹೋಗುವವರು, ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುತ್ತಿಲ್ಲ ಅನ್ನುವ ಹೆಂಗಸರು, ಒಂಟಿ ಮುದುಕರು, ಹೆಣ್ಣು ಹುಡುಕಿಕೊಡಿ ಅನ್ನುವ ತಾಯಂದಿರು. ವಿಂಗಡಿಸಿದ ಮೇಲೆ ಹೋಬಳಿಗಳಿಗೆ ಹೋಗಿ ಅರ್ಜಿ ಹಾಕದವರನ್ನೂ ಮಾತಾಡಿಸುತ್ತಾರೆ. ಮುಖ್ಯವಾಗಿ ಹೆಣ್ಣು ಕೊಡದವರನ್ನು, ಒಲ್ಲೆ ಅಂದ ಹುಡುಗಿಯರನ್ನು, ಬಸ್ಸು ನಿಲ್ಲಿಸದ ಡ್ರೈವರನ್ನು. ವರ್ಷದ ಕೊನೆಗೆ ನಿಮ್ಮ ಮೇಜಿಗೆ ಕನ್ನಡದಲ್ಲಿ ಇಪ್ಪತ್ತು ಪುಟದ ಒಂದು ವರದಿ ಬರುತ್ತದೆ. ಕಾಗುಣಿತ ತಪ್ಪಿರಬಹುದು, ನಾನು ತಿದ್ದುತ್ತೇನೆ.

ಆ ತಾಯಿಯ ಮಗನಿಗೆ ಇದರಿಂದ ಹೆಣ್ಣು ಸಿಗುವುದಿಲ್ಲ. ಅದನ್ನು ಆಕೆಗೂ ಹೇಳಿದ್ದೇನೆ. ಆಕೆ ಹಿಂಬರಹ ಬಂದಿತಾ ಅಂತ ಕೇಳಲು ಎರಡು ಸಲ ಕಾಲೇಜಿನ ಗೇಟಿನವರೆಗೆ ಬಂದಿದ್ದಳು. ಅರ್ಜಿ ಬರೆದುಕೊಟ್ಟವರೇ ಉತ್ತರವನ್ನೂ ಕೊಡುತ್ತಾರೆ ಅಂತ ಅವಳ ನಂಬಿಕೆ. ಎರಡನೇ ಸಲ ಬಂದಾಗ ನನ್ನ ವಿದ್ಯಾರ್ಥಿನಿಯ ಜೊತೆ ಗೇಟಿನ ಹತ್ತಿರ ಅರ್ಧ ಗಂಟೆ ಮಾತಾಡಿದಳು. ಏನು ಮಾತಾಡಿದಿರಿ ಅಂತ ಆಮೇಲೆ ಕೇಳಿದೆ. “ಹಸು ಎಷ್ಟವೆ, ಹಾಲಿನ ಬಿಲ್ಲು ಯಾರ ಖಾತೆಗೆ ಬೀಳತ್ತೆ ಅಂತ ಕೇಳ್ದೆ ಮೇಡಂ” ಅಂದಳು ಹುಡುಗಿ. “ಮೂರವಂತೆ. ಖಾತೆ ಮಗನ ಹೆಸರಲ್ಲಿ ಐತಂತೆ. ಯಾಕವ್ವ ಕೇಳ್ತೀಯೆ, ನೀನ್ ಬತ್ತೀಯಾ ಸೊಸೆಯಾಗಿ ಅಂದ್ಳು.”

ಮಂಗಳವಾರ ಮಧ್ಯಾಹ್ನ ಎರಡರ ಮೇಲೆ ನನಗೆ ಪೀರಿಯಡ್ ಇರುವುದಿಲ್ಲ. ಕಟ್ಟು ಯಾವ ಶಾಖೆಯಲ್ಲಿದೆ, ಯಾರನ್ನು ಕೇಳಬೇಕು ಅಂತ ತಿಳಿಸಿದರೆ ಮಕ್ಕಳನ್ನು ಕರೆದುಕೊಂಡು ಬಂದು ಜೆರಾಕ್ಸ್ ನಾವೇ ಮಾಡಿಸಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಸಮಾಜಶಾಸ್ತ್ರದ ಒಬ್ಬ ಅತಿಥಿ ಉಪನ್ಯಾಸಕಿ
ಮಂಡ್ಯ ಜಿಲ್ಲೆ